ಅಪ್ಪನ ರಾಜದೂತ್, ಹೊಸ ಕೋನ್ ಸೆಟ್

ಡಿಸೆಂಬರ್ 6, ರಾತ್ರಿ

...ಅದೂ ಸಾಲದ್ದಕ್ಕೆ ಬಸ್ಸಿನಲ್ಲಿ ಸೀಟಿಲ್ಲ. ಲಿಂಗಸುಗೂರಿನಿಂದ ಮಸ್ಕಿವರೆಗೆ ನಿಂತೇ ಬಂದೆ. ಮಸ್ಕಿಯಲ್ಲಿ, ಲಿಂಗಸುಗೂರಿನ ಅಂಗಡಿಯಲ್ಲಿ ಕೊಂಡ ಪೊಟ್ಟಣ ಬಿಚ್ಚಿ ನೋಡಿದರೆ ಕೋನ್ ಸೆಟ್ ಸ್ಕೂಟರಿನದು. ರಾಜದೂತ್ ಬೈಕಿನದು, ರಾಜದೂತ್ ಅಂತ ಬಾಯಿ ಬಿಟ್ಟು ಹೇಳಿದ್ದೆ. ಅಂಗಡಿಯವನು ಫೋನ್ ನೋಡುತ್ತಾ ತಲೆಯಾಡಿಸಿದ್ದ. ಇಳಿದು ವಾಪಸ್ ಹೋದೆ. ಬದಲಿ ಕೊಡುವಾಗ ಬೈಗುಳ ಅವನದೇ — ಇಷ್ಟು ಹಳೇ ಗಾಡಿಗೆ ಸಾಮಾನು ಸಿಕ್ಕಿದ್ದೇ ನಿನ್ನ ಪುಣ್ಯ ಅಂತ. ಸಿಂಧನೂರು ಮುಟ್ಟುವಷ್ಟರಲ್ಲಿ ಇಶ್ತಿಯಾಕ್ ಭಾಯಿ ಗ್ಯಾರೇಜಿನ ಶಟರ್ ಇಳಿಸಿ ಹೋಗಿದ್ದ. ಇಡೀ ದಿನ ಹಾಳು.

ಗೊರೇಬಾಳಕ್ಕೆ ಬಂದು ಹಟ್ಟಿಯೊಳಗೆ ಕಾಲಿಟ್ಟರೆ ಲಕ್ಷ್ಮಣ ಕಾಕಾ ಕಾಯುತ್ತಾ ಕೂತಿದ್ದಾನೆ. "ಬಂದ್ರು ನೋಡ್ರಿ ಇಂಜಿನಿಯರ್ ಸಾಹೇಬ್ರು. ಒಂದೊಂದು ಕುರಿಗೂ ಗಾಲಿ ಹಚ್ಚಿಬಿಡು ಸಿದ್ದು, ನಾವು ನಡಿಯೋದರ ತಪ್ತೈತಿ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕಾಕಾ ಅಪ್ಪನ ಸ್ವಂತ ತಮ್ಮ. ನಾಲ್ಕು ಮನೆಯ ಕುರಿ ಸೇರಿ ನಮ್ಮ ಹಟ್ಟಿ. ಭತ್ತ ಕೊಯ್ದ ಮೇಲೆ ಊರು ಬಿಟ್ಟು ಈ ಕಾಲುವೆ ಸೀಮೆಗೆ ಬರುತ್ತೇವೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ನಮಗೆ ಕಾಳು. ಮುಂದಿನ ಹೊಲ ಯಾವುದು ಅಂತ ಮೊದಲೇ ಹೋಗಿ ಮಾತಾಡಿ ಬರುವವನು ಹಟ್ಟಿಯ ಹಿರಿಯ. ಅದು ಅಪ್ಪ. ಅಪ್ಪನ ಕಾಲು ಅಂದರೆ ಆ ರಾಜದೂತ್. ದಾರಿಯಲ್ಲಿ ಕುರಿ ಈದರೆ ಮರಿ ಅಪ್ಪನ ತೊಡೆ ಮೇಲೆ, ಗಾಡಿ ಒಂದೇ ಕೈಯಲ್ಲಿ.

ಆ ಗಾಡಿಯ ಮುಂದಿನ ಭಾಗ ಪೂರಾ ಬಿಚ್ಚಿ ನಾನೊಬ್ಬನೇ ಜೋಡಿಸಬೇಕು. ಜೋಡಿಸಿದರೆ ಸಂಕ್ರಾಂತಿಯಿಂದ ಗ್ಯಾರೇಜಿಗೆ ತಗೊಳ್ಳುತ್ತೇನೆ ಅಂದಿದ್ದಾನೆ ಭಾಯಿ. ಪಗಾರದ ಮೇಲೆ. ಒಂದು ಊರು, ಒಂದು ರೂಮು, ಒಂದೇ ಬಾಗಿಲು. ಅಪ್ಪನೂ ಒಪ್ಪಿದ್ದಾನೆ. ಗಾಡಿ ಸೀದಾ ಓಡಲಿ, ಆಮೇಲೆ ಹೋಗು ಅಂದ.

ಬದುವಿನ ಮೇಲೆ ಕೂತು ಫೋನಿಗೆ ಇದನ್ನೆಲ್ಲ ಹೇಳುತ್ತಿದ್ದೇನೆ. ಕುರಿಗಳಿಗೆ ಹೇಳಿ ಹೇಳಿ ಸಾಕಾಗಿದೆ.

ಡಿಸೆಂಬರ್ 7

ಇವತ್ತು ಬಿಚ್ಚಿದೆ. ಹ್ಯಾಂಡಲ್ ಇಳಿಸಿ ಮೇಲಿನ ನಟ್ ತೆಗೆದೆ. ಕೆಸರು, ಭತ್ತದ ಹೊಟ್ಟು, ಕರ್ರಗಾದ ಗ್ರೀಸು... ಯಾವ ಕಾಲದ್ದೋ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಮೇಲೊಂದು ಕೆಳಗೊಂದು ಬಟ್ಟಲು, ನಡುವೆ ಉಕ್ಕಿನ ಗುಂಡುಗಳು. ಅದೇ ಕೋನ್ ಸೆಟ್. ಗುಂಡು ಕೂತು ಕೂತು ಬಟ್ಟಲಿನಲ್ಲಿ ತಗ್ಗು ಬಿದ್ದಿವೆ. ಬೆರಳಿಟ್ಟರೆ ತಿಳಿಯುತ್ತದೆ. ಹ್ಯಾಂಡಲ್ ನೇರಕ್ಕೆ ಬಂದ ಕೂಡಲೇ ಗುಂಡು ಆ ತಗ್ಗಿಗೆ ಇಳಿದು ಕಚ್ಚಿಕೊಳ್ಳುತ್ತವೆ. ತಿರುಗಿಸಬೇಕಾದರೆ ಒದ್ದಂತೆ ಒತ್ತಬೇಕು.

ಇಂಥಾದ್ದರ ಮೇಲೆ ಓಡಿಸುವವನು ಇನ್ನೂ ಬದುಕಿದ್ದಾನಲ್ಲ ಅಂದ ಭಾಯಿ. ಹಳೆಯದನ್ನು ಕಬ್ಬಿಣದ ಡಬ್ಬಿಗೆ ಎಸೆದ.

ಮಧ್ಯಾಹ್ನ ಅಪ್ಪ ಬಂದ. ಬುತ್ತಿ ಕೊಟ್ಟು ಹೋಗದೆ ನಿಂತ. ಬಿಚ್ಚಿಟ್ಟ ಗಾಡಿಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಹಳೇದನ್ನ ತೊಳದು ಹಾಕಿದ್ರ ನಡಿಯಂಗಿಲ್ಲೇನು?"

ನಡಿಯಂಗಿಲ್ಲ ಅಂದೆ. ಡಬ್ಬಿಯಿಂದ ಬಟ್ಟಲು ತೆಗೆದು ತಗ್ಗು ತೋರಿಸಿದೆ. ಅಪ್ಪ ಅದರಲ್ಲಿ ಹೆಬ್ಬೆರಳು ಆಡಿಸಿದ. ರೊಕ್ಕದ ಚಿಂತೆ ಇರಬೇಕು ಅಂದುಕೊಂಡೆ. ರೊಕ್ಕ ಕೊಟ್ಟಾಗಿದೆಯಲ್ಲ ಯಪ್ಪ ಅಂದೆ. ಹೂಂ ಅಂದು ಹೋದ.

ಡಿಸೆಂಬರ್ 9

ಮುಂದಿನ ಗಾಲಿ ಹಿಡಿಯುವ ಫೋರ್ಕ್ ಪೈಪ್ ಎರಡನ್ನೂ ಮಸ್ಕಿಯ ಲೇತ್ ಅಂಗಡಿಗೆ ಒಯ್ದಿದ್ದೆ. ಎಡಗಡೆಯದು ಬಾಗಿತ್ತು. ಲೇತಿನವನು ಪ್ರೆಸ್ಸಿಗೆ ಇಟ್ಟು ಒತ್ತಿದ, ಗಾಜಿನ ಮೇಲೆ ಉರುಳಿಸಿದ, ಮತ್ತೆ ಒತ್ತಿದ. ಕೊನೆಗೆ ಪೈಪಿನ ಕೆಳಗೆ ಬೆಳಕೇ ಕಾಣಲಿಲ್ಲ. ಅಷ್ಟು ಸೀದಾ. ಬಸ್ಸಿನಲ್ಲಿ ಕೂಸಿನಂತೆ ತೊಡೆ ಮೇಲೆ ಇಟ್ಟುಕೊಂಡು ಬಂದೆ.

ಹೊಸ ಸೀಲ್ ಹಾಕಿದೆ. ಎಣ್ಣೆ ಎರಡೂ ಕಡೆ ಸಮ. ಹೊಸ ಬಟ್ಟಲಿಗೆ ಗ್ರೀಸ್ ತುಂಬಿ ಗುಂಡು ಒಂದೊಂದಾಗಿ ಅಂಟಿಸಿದೆ. ಭಾಯಿ ದೂರ ನಿಂತು ನೋಡುತ್ತಿದ್ದ. ಮುಟ್ಟಲಿಲ್ಲ. ನಟ್ ಬಿಗಿ ಮಾಡುವಾಗ ಒಂದೇ ಮಾತು — ಬಹಳ ಬಿಗಿ ಮಾಡಿದರೆ ಹ್ಯಾಂಡಲ್ ಹಿಡಿಯುತ್ತದೆ, ಸಡಿಲ ಬಿಟ್ಟರೆ ನಡುಗುತ್ತದೆ, ನಡುವೆ ಒಂದು ಜಾಗ ಇದೆ, ಅದು ಕೈಗೆ ಗೊತ್ತಾಗುತ್ತದೆ ಅಂತ.

ಗೊತ್ತಾಯಿತು. ಮುಂದಿನ ಗಾಲಿ ಎತ್ತಿ ನಿಲ್ಲಿಸಿ ಹ್ಯಾಂಡಲ್ ಬಿಟ್ಟರೆ ತಾನೇ ಒಂದು ಕಡೆ ವಾಲುತ್ತದೆ, ಬಾಗಿಲು ತೆರೆದ ಹಾಗೆ. ಸದ್ದೇ ಇಲ್ಲ. ಹತ್ತು ಸಲ ಹಾಗೆ ಮಾಡಿರಬೇಕು. ಗಿರಾಕಿಯೊಬ್ಬ ನಕ್ಕ.

ಡಿಸೆಂಬರ್ 10

ಕೊಟ್ಟೆ. ಹಟ್ಟಿಯವರೆಲ್ಲ ನೋಡುತ್ತಿದ್ದರು. ಅವ್ವ ನಿಂಬೆಹಣ್ಣು ಗಾಲಿ ಕೆಳಗಿಟ್ಟಳು. ಅಪ್ಪ ಹತ್ತಿ ಹೋದ. ಮೊದಲು ಸ್ವಲ್ಪ ಓಲಾಡಿದ. ಕಾಲುವೆ ತನಕ ಹೋಗಿ ಬಂದು ಇಳಿದ.

ಹೆಂಗೈತಿ ಯಪ್ಪ ಅಂದೆ. "ಹಗುರ ಐತಿ," ಅಂದ.

ಅಷ್ಟೇ. ಅದನ್ನು ಹೊಗಳಿಕೆ ಅಂದುಕೊಂಡೆ.

ಡಿಸೆಂಬರ್ 14

ಹೇಳಿಬಿಡುತ್ತೇನೆ.

ಅಪ್ಪ ಬಿದ್ದ. ಮೊನ್ನೆ ಬೆಳಿಗ್ಗೆ. ಜವಳಗೇರಾದ ಕಡೆ ಹೊಲ ಮಾತಾಡಿ ಬರುತ್ತಿದ್ದ. ಹಿಂದಿನ ವಾರ ಅಲ್ಲೇ ಒಂದು ಮನೆಯಲ್ಲಿ ಬಿಟ್ಟು ಬಂದಿದ್ದ ಸೊರಗಿದ ಮರಿ ತೊಡೆ ಮೇಲಿತ್ತು. ಕಾಲುವೆ ರಸ್ತೆ, ಎದುರಿಗೆ ಟ್ರ್ಯಾಕ್ಟರ್. ದೂರದಲ್ಲೇ ಇತ್ತಂತೆ, ಡ್ರೈವರ್ ಆಣೆ ಮಾಡಿ ಹೇಳಿದ. ಸುಮ್ಮನೆ ಹೋಗುತ್ತಿದ್ದವನ ಹ್ಯಾಂಡಲ್ ತಿರುಗಿತು, ಬದುವಿನಿಂದ ಕೆಳಗೆ ಹೋದ. ಕಾಲಿನ ಎಲುಬು ಮುರಿದಿದೆ. ಭುಜಕ್ಕೆ ಪಟ್ಟಿ. ಮರಿಗೆ ಏನೂ ಆಗಿಲ್ಲ.

ಸಿಂಧನೂರಿನ ಆಸ್ಪತ್ರೆ ಬಾಗಿಲಲ್ಲೇ ಕಾಕಾ ಶುರು ಮಾಡಿದ. ಇವನಿಗೆ ಹಟ್ಟಿ ಬಿಟ್ಟು ಓಡುವ ಅವಸರ, ಅವಸರದಲ್ಲಿ ಬೋಲ್ಟ್ ಬಿಗಿ ಮಾಡುವುದು ಮರೆತ ಅಂತ. ಹಟ್ಟಿಯ ಹೆಂಗಸರು ನನ್ನ ಮುಖ ನೋಡಲಿಲ್ಲ. ಅಪ್ಪನಿಗೆ ಪೂರಾ ಎಚ್ಚರ ಇತ್ತು. ಎಲ್ಲ ಕೇಳಿಸಿಕೊಂಡ. ಫ್ಯಾನ್ ನೋಡುತ್ತಾ ಮಲಗಿದ್ದ.

ನಾನೇ ಮರೆತೆನಾ? ಕೆಳಗಿನ ಕ್ಲಾಂಪ್... ಮೇಲಿನ ನಟ್... ನೆನಪಿದೆ. ನೆನಪಿದೆ ಅನಿಸುತ್ತದೆ.

ಡಿಸೆಂಬರ್ 15

ನಸುಕಿನಲ್ಲಿ ಹೋಗಿ ಗಾಡಿ ನೋಡಿದೆ. ಟ್ರ್ಯಾಕ್ಟರಿನವನು ತನ್ನ ಮನೆ ಮುಂದೆ ತಂದು ನಿಲ್ಲಿಸಿದ್ದ. ಪಾನಾ ಒಯ್ದಿದ್ದೆ. ಒಂದೊಂದು ಬೋಲ್ಟಿಗೂ ಹಾಕಿ ತಿರುಗಿಸಿ ನೋಡಿದೆ. ಒಂದೂ ಕದಲಲಿಲ್ಲ. ಎಲ್ಲ ಬಿಗಿ. ಒಂದು ಲಿವರ್ ಮುರಿದಿದೆ, ಲೈಟಿನ ಗಾಜು ಹೋಗಿದೆ, ಅಷ್ಟೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು ಅಂತ ಯಾರಿಗೆ ಹೇಳಲಿ.

ಅಪ್ಪನಿಗೆ ಹೇಳಬೇಕು ಅಂತ ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ. ನರ್ಸ್ ಗುಳಿಗೆ ಕೊಟ್ಟು ನೀರಿನ ಲೋಟ ಚಾಚಿದಳು. ಪಟ್ಟಿ ಇರುವುದು ಬಲಗಡೆಗೆ. ಅಪ್ಪ ಎಡಗೈ ಮುಂದೆ ಮಾಡಿದ. ಲೋಟ ಬೆರಳುಗಳ ನಡುವಿನಿಂದ ಜಾರಿತು. ಅದು ಜಾರುವ ಮೊದಲೇ ಅವ್ವನ ಕೈ ಕೆಳಗಿತ್ತು. ಹಿಡಿದಳು. ಜಾರುತ್ತದೆ ಅಂತ ಗೊತ್ತಿದ್ದವಳ ಹಾಗೆ.

ಅವ್ವನನ್ನು ಹೊರಗೆ ಕರೆದು ಕೇಳಿದೆ. ನಮ್ಮವ್ವ ಗ್ಯಾನಮ್ಮ ಅಂದರೆ ಹಟ್ಟಿಯಲ್ಲಿ ಗಟ್ಟಿ ಬಾಯಿ. ಇವತ್ತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು. ಹೋದ ಬೇಸಿಗೆಯಿಂದ ಎಡಗೈ ಬೆರಳಿಗೆ ಶಕ್ತಿ ಇಲ್ಲ. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ರುಮಾಲು ಇವಳೇ ಸುತ್ತುತ್ತಾಳೆ. ಅಂಗಿಯ ಗುಂಡಿ ಇವಳೇ ಹಾಕುತ್ತಾಳೆ. ಕ್ಲಚ್ಚನ್ನು ಅಂಗೈ ಒತ್ತಿ ಹಿಡಿಯುತ್ತಾನೆ. ಗಾಡಿ ಓಡತೊಡಗಿದ ಮೇಲೆ ಕೈ ತೊಡೆ ಮೇಲೆ ಇಟ್ಟುಬಿಡುತ್ತಾನೆ. ನೋಡಿದವರು ಮರಿ ಹಿಡಿದಿದ್ದಾನೆ ಅಂದುಕೊಳ್ಳುತ್ತಾರೆ.

ಇಷ್ಟು ದಿನ ಎಡಗೈ ಬದಲು ಹ್ಯಾಂಡಲ್ ಹಿಡಿದದ್ದು ಆ ತಗ್ಗು. ಹಾಳಾದ ಬಟ್ಟಲು. ನೇರಕ್ಕೆ ಬಂದರೆ ಅದೇ ಕಚ್ಚಿಕೊಳ್ಳುತ್ತಿತ್ತು, ಅಪ್ಪ ಬಲಗೈಯಿಂದ ಆಕ್ಸಿಲರೇಟರ್ ತಿರುಗಿಸಿದರೆ ಸಾಕಾಗಿತ್ತು. ನಾನು ಹೊಸದು ಹಾಕಿದೆ. ಊದಿದರೆ ತಿರುಗುವ ಹಾಗೆ ಮಾಡಿ ಕೊಟ್ಟೆ.

ಡಾಕ್ಟರಿಗೆ ಕೈ ತೋರಿಸಿದ್ದೀರಾ ಅಂದೆ. ತೋರಿಸಿದರೆ ಹಟ್ಟಿಗೆ ಗೊತ್ತಾಗುತ್ತದೆ ಅಂದಳು.

ಒಳಗೆ ಹೋದೆ. ಮಂಚದ ಪಕ್ಕ ಕೂತೆ. ಬೋಲ್ಟ್ ಎಲ್ಲ ಬಿಗಿ ಇದಾವ ಯಪ್ಪ ಅಂದೆ.

"ಗೊತ್ತೈತಿ."

ಕಾಕಾನಿಗೆ ಹೇಳು ಮತ್ತೆ ಅಂದೆ. ಬಾಗಿಲ ಕಡೆ ನೋಡಿ ದನಿ ಇಳಿಸಿದ.

"ಕಾಲು ಮುರದ್ರ ಕೂಡತೈತಿ ಅಂತ ಕಾಯ್ತಾರ. ಕೈ ಹೋಗೈತಿ ಅಂದ್ರ ನಾಳೆನ ಹಟ್ಟಿ ನಿಮ್ಮ ಕಾಕಾನ ಕೈಗೆ ಹೋಗತೈತಿ. ಅವಾ ಕುರಿ ಮಾರೋದೊಂದ ಬಲ್ಲ." ಆಮೇಲೆ ನನ್ನ ಕಡೆ ತಿರುಗದೆ ಅಂದ, "ಬೋಲ್ಟ್ ಅಂದಾರ. ಬೋಲ್ಟ್ ಇರಲಿ ಬಿಡು."

ಡಿಸೆಂಬರ್ 18

ಬಿಡು ಅಂತೆ.

ಮೂರು ದಿನದಿಂದ ಕುರಿ ಹಿಂದೆ ನಡೆಯುತ್ತಿದ್ದೇನೆ. ಗೊರೇಬಾಳದ ಹೊಲ ಮುಗಿಯಿತು. ನರಸಣ್ಣ, ಹೊಲದ ರೈತ, ಒಳ್ಳೆಯವನೇ. ಅವನೂ ಕೇಳಿದ, ಏನಪ್ಪಾ ಮೆಕ್ಯಾನಿಕ್, ಅಪ್ಪನನ್ನೇ ಕೆಡವಿದೆಯಂತೆ ಅಂತ. ನಕ್ಕೇ ಕೇಳಿದ. ನಾನೂ ನಗಬೇಕಿತ್ತು. ಆಗಲಿಲ್ಲ.

ಕಾಕಾ ಸುಮ್ಮನಿಲ್ಲ. ನಿನ್ನೆ ಸಿಂಧನೂರಿಗೆ ಹೋಗಿ ಗ್ಯಾರೇಜಿನ ಮುಂದೆ ನಿಂತು, ಗಿರಾಕಿಗಳಿಗೆ ಕೇಳುವ ಹಾಗೆ, ನಿಮ್ಮಲ್ಲಿ ಬೋಲ್ಟ್ ಹಾಕದೆ ಗಾಡಿ ಬಿಡುತ್ತೀರಂತೆ ಅಂದು ಬಂದಿದ್ದಾನೆ. ಬಂದು ನನಗೇ ಹೇಳಿದ, ಒಳ್ಳೇ ಕೆಲಸ ಮಾಡಿ ಬಂದವನ ಹಾಗೆ. "ಇನ್ನ ನಿನ್ನ ಯಾರು ಕರೀತಾರ ನೋಡ್ತೀನಿ. ಕುರಿ ಕಾಯೋ ಬಡಗಿ ಹಿಡಿ, ಬಾ." ದ್ವೇಷ ಇರಲಿಲ್ಲ ದನಿಯಲ್ಲಿ. ಅದೇ ಕಷ್ಟ. ನನ್ನನ್ನು ಉಳಿಸಿಕೊಂಡೆ ಅಂತ ಖುಷಿ ಅವನಿಗೆ.

ಭಾಯಿಯ ಮಿಸ್ಡ್ ಕಾಲ್ ಇವೆ. ಎತ್ತಿಲ್ಲ.

ಸಿಟ್ಟು ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ. ಅಪ್ಪನ ಮೇಲೆ, ಅಂದುಕೊಳ್ಳುತ್ತೇನೆ. ಆಮೇಲೆ ಆ ರುಮಾಲು ನೆನಪಾಗುತ್ತದೆ. ನಸುಕಿನಲ್ಲಿ ಅಪ್ಪ ತಲೆ ಬಗ್ಗಿಸಿ ಕೂತಿರುವುದು, ಅವ್ವ ಸುತ್ತುವುದು. ಪಕ್ಕದಲ್ಲೇ ಮಲಗಿದ್ದೆ. ಒಂದು ದಿನವೂ ಎಚ್ಚರ ಆಗಲಿಲ್ಲ ನನಗೆ.

ಡಿಸೆಂಬರ್ 19

ಅಪ್ಪನನ್ನು ಟೆಂಪೋದಲ್ಲಿ ಕರೆತಂದೆವು. ಜವಳಗೇರಾದ ಹೊಲ, ಅವನೇ ಮಾತಾಡಿ ಬಂದದ್ದು. ಹೊರಸಿನ ಮೇಲೆ ಮಲಗಿಯೇ ಎಲ್ಲ ಹೇಳುತ್ತಾನೆ — ಕುರಿ ಸುತ್ತ ಎಲ್ಲಿ ಬಲೆ ಕಟ್ಟಬೇಕು, ಯಾವ ಕಡೆ ನೀರು. ಎಲ್ಲರೂ ಕೇಳುತ್ತಾರೆ. ಕಾಕಾನೂ ಕೇಳುತ್ತಾನೆ. ಎಡಗೈ ಕಂಬಳಿಯೊಳಗೆ.

ಸಂಜೆ ನನ್ನನ್ನು ಕರೆದ. ಹತ್ತಿರ ಕೂತೆ. ಏನೋ ಹೇಳುತ್ತಾನೆ ಅಂದುಕೊಂಡೆ. ಬಲಭುಜದ ಪಟ್ಟಿ ಜಗ್ಗುತ್ತದೆ, ಸ್ವಲ್ಪ ಸಡಿಲ ಮಾಡು ಅಂದ. ಮಾಡಿದೆ. ಸಾಕು ಅಂದ.

ಡಿಸೆಂಬರ್ 21

ಫೋನ್ ಮಾಡಿದೆ. ಸಂಜೆ, ಕಾಲುವೆ ಸೇತುವೆ ತನಕ ಹೋಗಿ, ಹಟ್ಟಿಗೆ ಕೇಳದ ಹಾಗೆ.

ಭಾಯಿ ಸುತ್ತಿ ಬಳಸಲಿಲ್ಲ. ನಿಮ್ಮ ಕಾಕಾ ಹೇಳಿದ್ದು ನಿಜವೋ ಸುಳ್ಳೋ ಅಂದ. ಸುಳ್ಳಾದರೆ ನಾಳೆಯೇ ಜವಳಗೇರಾಕ್ಕೆ ಬಂದು, ಎಲ್ಲರ ಮುಂದೆ ಗಾಡಿ ಬಿಚ್ಚಿ ತೋರಿಸುತ್ತಾನಂತೆ. ಅಂಗಡಿಯ ಹೆಸರಿನ ಮಾತು. ಸಂಕ್ರಾಂತಿಗೆ ನಿನಗೆ ರೂಮೂ ನೋಡಿದ್ದೇನೆ ಅಂದ.

ಎಲ್ಲರ ಮುಂದೆ. ಗಾಡಿಯಲ್ಲಿ ತಪ್ಪಿಲ್ಲ ಅಂತಾದರೆ ಮತ್ಯಾಕೆ ಬಿದ್ದ ನಿಮ್ಮಪ್ಪ ಗದ್ದೆಪ್ಪ ಅಂತ ಕೇಳುತ್ತಾರೆ. ಕಾಕಾ ಮೊದಲು ಕೇಳುತ್ತಾನೆ.

ಸೇತುವೆ ಮೇಲಿನಿಂದ ಹಟ್ಟಿ ಕಾಣುತ್ತಿತ್ತು. ಹೊರಸು ಕಾಣುತ್ತಿತ್ತು. ಯಾರೋ ಬಾಗಿ ಅಪ್ಪನನ್ನು ಏನೋ ಕೇಳುತ್ತಿದ್ದರು, ಅಪ್ಪ ಗದ್ದ ಎತ್ತಿ ದಿಕ್ಕು ತೋರಿಸುತ್ತಿದ್ದ.

"ಬೋಲ್ಟ್ ಲೂಸ್ ಇತ್ತು ಭಾಯಿ," ಅಂದೆ. "ನಂದ ತಪ್ಪು."

ಆ ಕಡೆ ಕಂಪ್ರೆಸರ್ ಸದ್ದು. ಅದೂ ನಿಂತಿತು.

"ಯಾವ ಬೋಲ್ಟ್?"

ಕ್ಲಾಂಪಿನವು, ಮೇಲಿನ ನಟ್, ಆಕ್ಸಲ್... ಎಲ್ಲ ಕಣ್ಣ ಮುಂದೆ ಬಂದವು. ಒಂದನ್ನೂ ಸಡಿಲ ಅನ್ನಲು ನಾಲಿಗೆ ಏಳಲಿಲ್ಲ.

"ಗಾಡಿ ಬಿಡೋಕಿಂತ ಮೊದಲ ಎಲ್ಲಾದಕ್ಕೂ ನಾನೂ ಪಾನಾ ಹಾಕಿ ನೋಡೀನಿ, ಸಿದ್ದು. ನೀ ಚಹಾ ತರಾಕ ಹೋದಾಗ." ಅವನ ದನಿ ಇಳಿದಿತ್ತು. ಅಲ್ಲಿ ನಿಂತ ಯಾರಿಗೂ ಕೇಳದ ಹಾಗೆ. "ನಾಳೆ ನಾ ಬರಂಗಿಲ್ಲ. ಯಾವ ಬೋಲ್ಟ್ ಅಂತ ಕುಂತು ವಿಚಾರ ಮಾಡು. ಅಂಗಡಿ ತಗದಿರ್ತೀನಿ. ಮುಂಜಾನೆ ಒಂಬತ್ತಕ್ಕ ಫೋನ್ ಹಚ್ಚು."

ಒಂಬತ್ತಕ್ಕೆ ಸುಳ್ಳು ಬೋಲ್ಟೊಂದರ ಹೆಸರು ಹೇಳಬೇಕು, ಇಲ್ಲವೇ ಅಪ್ಪನ ಕೈ ವಿಷಯ —