ಬೆಕ್ಕಿನ ಆಕಳಿಕೆ

ಮನೆ, ನಡುಮನೆಯ ಮಂಚದಿಂದ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗುತ್ತಿದೆಯೇ? ಹಗಲೂ ರಾತ್ರಿ ವಿಡಿಯೊ ದಿಟ್ಟಿಸಿ ಕಣ್ಣು ಕೆಡಿಸಿಕೊಳ್ಳಬೇಡ. ನಾನು ಆರಾಮ. ಸೊಂಟದಿಂದ ಕೆಳಗೆ ಮಾತ್ರ ಸ್ವಲ್ಪ ಆರಾಮವಿಲ್ಲ, ಅದು ಆಮೇಲೆ.

ಮೊದಲು ನಡುಮನೆಯ ಗೋಡೆಗೆ ನೀನು ಕೂರಿಸಿದ ಕ್ಯಾಮೆರಾ ಯಂತ್ರದ ಕ್ಷೇಮಸಮಾಚಾರ. ರಜೆಗೆ ಬಂದಾಗ ನಡುಮನೆಯ ಒಂದಿಡೀ ದಿನದ ವಿಡಿಯೊ ಹಾಕಿ, ನೀನು, ಅಪ್ಪ, ಅಣ್ಣ ಒಂದೊಂದು ಗುಂಡಿ ಹಿಡಿದು ಕೂತಿದ್ದಿರಲ್ಲ? "ಕಣ್ಣು ತಾನಾಗೇ ಎತ್ತ ಹೋಗುತ್ತೋ ಆಗ ಒತ್ತಿ. ಮನುಷ್ಯರು ಗಮನಿಸೋದನ್ನಷ್ಟೇ ಇದು ಕಲೀಬೇಕು. ಫ್ಯಾನು, ಪರದೆ ಅಲ್ಲಾಡಿದ್ದಕ್ಕೆಲ್ಲ ಫೋನಿಗೆ ಗಂಟೆ ಹೊಡೀಬಾರದು" ಅಂದಿದ್ದೆ. ನಾನು ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದೆ. ಬೆಕ್ಕು ಆಕಳಿಸಿತು, ಮೂರು ಗುಂಡಿ. ನಿಮ್ಮಪ್ಪ ಕುರ್ಚಿಯಿಂದ ಎದ್ದರು, ಮೂರು ಗುಂಡಿ. ಅದು ಅಪರೂಪದ ದೃಶ್ಯವೇ, ಬಿಡು. ಅದೇ ವಿಡಿಯೊದಲ್ಲಿ ನಾನು ಅಡುಗೆಮನೆಗೂ ನಡುಮನೆಗೂ ಐವತ್ತಮೂರು ಸಲ ಓಡಾಡಿದೆ. ಒಂದೇ ಸಲ ಒತ್ತಿದಿರಿ, ಕೈಯಿಂದ ಲೋಟ ಬಿದ್ದಾಗ. ಆ ಗೌರವವೂ ಲೋಟಕ್ಕೇ ಸಂದದ್ದು. ನಿನ್ನ ಶಿಷ್ಯ ಮಹಾ ಚುರುಕು, ಹೇಳಿಕೊಟ್ಟದ್ದನ್ನು ಮರೆಯುವ ಜಾತಿಯಲ್ಲ.

ಕಳೆದ ಗುರುವಾರ ಬೆಳಿಗ್ಗೆ ಅಪ್ಪ, ಅಣ್ಣ ಇಬ್ಬರೂ ಕೆಲಸಕ್ಕೆ ಹೋದಮೇಲೆ ನೆಲ ಒರೆಸುತ್ತ ಜಾರಿಬಿದ್ದೆ. ಸೊಂಟ ಮುರಿಯಿತು. ನೆಲದ ಮೇಲಿಂದಲೇ ನಿನ್ನ ಕ್ಯಾಮೆರಾದ ಕಡೆ ಒರೆಸುವ ಬಟ್ಟೆ ಬೀಸಿದೆ, ಕೈ ಸೋಲುವವರೆಗೂ ಬೀಸಿದೆ. ಪರದೆ ಅಂದುಕೊಂಡಿತೇನೋ, ಪಾಪ. ಲೋಟ ಬೀಳಿಸೋಣವೆಂದರೆ ಎಲ್ಲ ತೊಳೆದು ಕಪಾಟಿಗೆ ಸೇರಿಸಿಬಿಟ್ಟಿದ್ದೆ. ಅಚ್ಚುಕಟ್ಟುತನವೇ ಮುಳುವಾಯಿತು ನೋಡು. ಸಂಜೆ ನಿಮ್ಮಪ್ಪ ಬಂದು, "ಏನೇ, ಇಲ್ಲಿ ಮಲಗಿದೀಯ? ಟೀ ಇಲ್ವಾ?" ಅಂದ ಮೇಲೆಯೇ ಆಸ್ಪತ್ರೆ ಕಂಡದ್ದು. ಇನ್ನು ನಡೆಯುವುದು ಅನುಮಾನ ಅಂದರು ಡಾಕ್ಟರು. ನಿನ್ನ ಯಂತ್ರ ಕಡೆಗಣಿಸಬೇಕಾದ ಚಲನೆಯಲ್ಲಿ ದಿನಕ್ಕೆ ಐವತ್ತಮೂರು ಉಳಿತಾಯ. "ಅವಳ ಪರೀಕ್ಷೆ ಮುಗೀಲಿ, ಈಗಲೇ ಹೇಳೋದು ಬೇಡ" ಅಂತ ನಿಮ್ಮಪ್ಪನ ಕಟ್ಟಪ್ಪಣೆ. ಮೀರಿದ್ದೇನೆ. ನಾನು ಮಾಡಿದ್ದು ಯಾರಿಗೆ ತಾನೇ ಕಾಣುತ್ತದೆ?

ಕಾಲೇಜಿನ ಸ್ಪರ್ಧೆಯಲ್ಲಿ ನಿನ್ನ ಯಂತ್ರಕ್ಕೆ ಬಹುಮಾನ ಬರಲಿ, ನಿನ್ನ ಕಣ್ಣು ತಂಪಾಗಿರಲಿ.

ಇಂತಿ,
ನಿನ್ನ ಅಮ್ಮ, ಪರದೆಯಲ್ಲ

ಮರೆತಿದ್ದೆ: ಗುರುವಾರ ಹತ್ತು ಗಂಟೆಗೆ ಯಂತ್ರ ನಿನ್ನ ಫೋನಿಗೆ ಒಂದು ಸಲ ಗಂಟೆ ಹೊಡೆದಿತ್ತಂತೆ, ಬೆಕ್ಕು ಆಕಳಿಸಿದ್ದಕ್ಕೆ. ಆ ತುಣುಕು ನೋಡಿ ನೀನು ಅಣ್ಣನಿಗೆ "ಅಯ್ಯೋ, ಎಷ್ಟು ಮುದ್ದಾಗಿ ಕೂತಿದೆ ನೋಡೋ!" ಅಂತ ಬರೆದದ್ದನ್ನು ಅವನೇ ತೋರಿಸಿದ. ಇನ್ನೊಂದು ಸಲ ನೋಡು ಮಗಳೇ. ಅದು ಕೂತಿರುವುದು ನನ್ನ ಎದೆಯ ಮೇಲೆ.