ಗಾಳಿಯಿಲ್ಲದ ಕೋಣೆಯಲ್ಲಿ ತಿಮರೆ ಹೂ

ದರ್ಬೆ, ಪುತ್ತೂರು
೧೭ ನವೆಂಬರ್ ೨೦೨೪

ಪ್ರೀತಿಯ ಅಮ್ಮು ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಡೊಂಬಿವಲಿಯ ಆ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡು. ತರಕಾರಿ ತರಲು ಭಾವನನ್ನೇ ಓಡಿಸು, ಅವರ ಹೊಟ್ಟೆಯೂ ಸ್ವಲ್ಪ ಕರಗಲಿ. ನಾವು ಇಲ್ಲಿ ಕ್ಷೇಮ. ಫೋನ್ ಇರುವಾಗ ಇವನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಾದರೆ ನಿನ್ನ ಕಡೆ ಭಾವನ ಟೀವಿ, ನನ್ನ ಕಡೆ ಪ್ರೀತಿಕಾಳ ಕಿವಿ. ಅಕ್ಷರ ನೋಡಿ ಬಯ್ಯಲೂ ಬೇಡ, ಸ್ಟುಡಿಯೋದ ಈ ಟೇಬಲಿಗೆ ಒಂದು ಕಾಲು ಗಿಡ್ಡ.

ಮದುವೆ ಸೀಸನ್ ಶುರುವಾಗುವ ಮೊದಲು ಒಂದು ಹೂವಿನ ಫೋಟೊ ತೆಗೆದು ಮುಗಿಸಬೇಕೆಂದು ಹೊರಟಿದ್ದೆ. ತಿಮರೆಯ ಹೂ. ನರಕ್ಕೆ ಒಳ್ಳೆಯದೆಂದು ನೀನು ಅಪ್ಪನಿಗೆ ದಿನಾ ಚಟ್ನಿ ಅರೆದು ಕೊಡುತ್ತಿದ್ದೆಯಲ್ಲ, ಅದೇ ಒಂದೆಲಗ. ಅಷ್ಟು ವರ್ಷ ಎಲೆ ಕೊಯ್ದ ನಮಗೆ ಅದು ಹೂ ಬಿಡುತ್ತದೆಂದೇ ಗೊತ್ತಿರಲಿಲ್ಲ. ಎಲೆಯ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡು, ಸಾಸಿವೆ ಕಾಳಿನಷ್ಟು ಇರುತ್ತದೆ. ಕೋಡಿಂಬಾಳದಲ್ಲಿ ಪ್ರೀತಿಕಾಳ ತವರಿನ ಬಚ್ಚಲ ನೀರು ಹರಿಯುವಲ್ಲಿ ನಾನು ಹೊಟ್ಟೆಯ ಮೇಲೆ ಮಲಗಿದ್ದನ್ನು ಕಂಡು ಅತ್ತೆ, "ಎಂತ ಬಿದ್ದುಹೋಯ್ತು ಅಳಿಯಂದ್ರೆ?" ಎಂದು ಟಾರ್ಚ್ ತಂದುಕೊಟ್ಟರು.

ಇಷ್ಟು ಹತ್ತಿರದಿಂದ ತೆಗೆದರೆ ಒಂದು ಫೋಟೊದಲ್ಲಿ ಕೂದಲೆಳೆಯಷ್ಟು ಭಾಗ ಮಾತ್ರ ಸ್ಪಷ್ಟವಾಗುತ್ತದೆ. ಹಾಗಾಗಿ ಕ್ಯಾಮೆರಾದ ಕೆಳಗಿನ ತಿರುಪನ್ನು ಬೆರಳಿನಲ್ಲಿ ಚೂರೇ ಚೂರು ತಿರುಗಿಸಿ, ಅದನ್ನು ಮುಂದೆ ಸರಿಸಿ, ಮತ್ತೊಂದು ತೆಗೆಯಬೇಕು, ಮತ್ತೊಂದು ತೆಗೆಯಬೇಕು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸೇರಿಸಿದಾಗ ಇಡೀ ಹೂ ಕಾಣುತ್ತದೆ. ಹಿಂದೆ ಮಾತಾಡುತ್ತಲೇ ಇದನ್ನು ಮಾಡುತ್ತಿದ್ದೆ. ಈ ಸಲ ಎಷ್ಟು ತೆಗೆದರೂ ಹೂವಿನ ನಡುನಡುವೆ ಮಸುಕು ಪಟ್ಟಿ. ಗಾಳಿ ಎಂದೆ, ಕೊಡೆ ಅಡ್ಡ ಹಿಡಿಸಿದೆ. ಆಮೇಲೆ ಮಣ್ಣು ಸಮೇತ ಎಬ್ಬಿಸಿ, ತೆಂಗಿನ ಗೆರಟೆಯಲ್ಲಿಟ್ಟು ಪುತ್ತೂರಿಗೆ ತಂದೆ. ಇಲ್ಲಿ ಲಾರಿ ಹೋದಾಗ ನೆಲ ಅದುರುತ್ತದೆ ಎಂದು ಹಿಂದಿನ ಕೋಣೆಗೆ ಹೋದೆ, ಫ್ಯಾನ್ ಆರಿಸಿದೆ, ಕಿಟಕಿಯ ಸಂದಿಗೆ ಮೈ ಒರೆಸುವ ಬೈರಾಸು ತುರುಕಿದೆ. ಪ್ರೀತಿಕಾ, "ಇನ್ನು ಉಸಿರು ಬಿಡ್ಲಿಕ್ಕಾದ್ರೂ ಉಂಟಾ ಮಾರಾಯ್ರೆ?" ಎಂದಳು.

ಅಲ್ಲೂ ಮಸುಕೇ. ನಾನು ಸಿಡಿಮಿಡಿಗೊಂಡು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾಗ ಅವಳೇ ಸ್ಟೂಲ್ ಎಳೆದು ಕೂತಳು. "ನೀವು ಬಟನ್ ಒತ್ತಿ ಸಾಕು, ತಿರುಗಿಸುದು ನಾನು." ಕ್ಯಾಮೆರಾ ಮುಟ್ಟಿದವಳೇ ಅಲ್ಲ. ಆ ಫೋಟೊವನ್ನು ಇದರ ಜೊತೆ ಇಟ್ಟಿದ್ದೇನೆ, ನೋಡು. ಕೆಂಪು ಎಸಳು, ಪರಾಗದ ಒಂದೊಂದು ಕಾಳೂ ಹುರಿದ ರವೆಯ ಹಾಗೆ ಬಿಡಿಬಿಡಿ. ಎಲ್ಲೂ ಪಟ್ಟಿ ಇಲ್ಲ. ಅವಳು ಸಿಕ್ಕಿದವರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಾಳೆ. ನನಗೂ ಖುಷಿಯಾಯಿತು ಅಕ್ಕಾ, ಸುಳ್ಳಲ್ಲ. ಆದರೆ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸ್ಟುಡಿಯೋದಿಂದ ಮನೆಗೆ, ಮನೆಯಿಂದ ಸ್ಟುಡಿಯೋಗೆ ಸುಮ್ಮನೆ ಅಲೆಯುತ್ತೇನೆ. ತುಳಸಿ ಪೂಜೆ ಕಳೆಯಿತು, ಮೊದಲ ಮದುವೆ ಮುಂದಿನ ವಾರ ಸುಳ್ಯದಲ್ಲಿ. ಧಾರೆ ಎರೆಯುವುದನ್ನು ಇನ್ನೊಮ್ಮೆ ಎರೆಯಿರಿ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚಲು ಸೋಮಾರಿತನ ಮಾಡಬೇಡ.

ನಿನ್ನ ತಮ್ಮ,
ಸರ್ವೋತ್ತಮ

ಅಂಚೆಗೆ ಹಾಕುವ ಮೊದಲು ಇಷ್ಟು: ಟೇಬಲಿನ ನಾಲ್ಕು ಕಾಲೂ ಸರಿಯಾಗಿವೆ. ಅಪ್ಪನ ಬಾಯಿಗೆ ಲೋಟ ಹಿಡಿದವಳು ನೀನು. ಅವರಿಗೆ ಮೊದಲು ನಡುಗಲು ಶುರುವಾದದ್ದು ಯಾವ ಕೈ ಎಂದು ನಿನಗೊಬ್ಬಳಿಗೇ ಗೊತ್ತು. ಪ್ರೀತಿಕಾಳಿಗೆ ಫೋನ್ ಮಾಡಬೇಡ, ನನಗೆ ಬರೆ. ನನ್ನದು ಬಲಗೈ.