ಅಂಬವ್ವನ ಕುರಿಗಳ ಸರಾಸರಿ

ಶಹಾಪುರ
೧೪ ನವೆಂಬರ್ ೨೦೨೪

ಗ್ರಂಥಕರ್ತೆ, ಸುರಪುರ-ರಂಗಂಪೇಟೆಯ ಕೀರ್ತಿಕಳಶ, ಕುಮಾರಿ ಸುಕನ್ಯಾ ಅವರ ಸನ್ನಿಧಾನಕ್ಕೆ ಒಂದು ಕಾಲದ ಗೆಳತಿ ಪರಿಮಳಾ ತಲೆ ತಗ್ಗಿಸಿ ಬರೆಯುವುದು:

ಫೋನಿನಲ್ಲಿ ಬರೆದಿದ್ದರೆ ಅರ್ಧಕ್ಕೇ ಅಳಿಸಿಬಿಡುತ್ತಿದ್ದೆ. ಅದಕ್ಕೇ ಕಾಗದ.

ನಮ್ಮ ಆನ್‌ಲೈನ್ ಡಿಗ್ರಿಯ ಪುಕ್ಕಟೆ ಸಂಖ್ಯಾಶಾಸ್ತ್ರ ಪುಸ್ತಕದ ನಾಲ್ಕನೇ ಪಾಠವನ್ನು ನೀನು ಕನ್ನಡಕ್ಕೆ ತಂದೆ. ಅದರ ಲೆಕ್ಕದಲ್ಲಿದ್ದ ಕಾರುಗಳನ್ನು ತೆಗೆದು, ಬಳಿಚಕ್ರದ ನಿಮ್ಮ ಸೋದರತ್ತೆ ಅಂಬವ್ವನ ಐದು ಕುರಿಹಿಂಡುಗಳನ್ನು ನಿಲ್ಲಿಸಿದೆ. ಮಹಾದೇವಪ್ಪ ಸರ್ ಆನ್‌ಲೈನ್ ಕ್ಲಾಸಿನಲ್ಲಿ ಆ ಪುಟ ತೆರೆದು ನಿನ್ನ ಹೆಸರನ್ನು ಎರಡು ಸಲ ಓದಿದರು. ನನ್ನ ಹಿಂದೆ ನಿಂತು ಕೇಳುತ್ತಿದ್ದ ಅಪ್ಪ, “ಸುಕನ್ಯಾನ ಹೆಸರು ಪುಸ್ತಕದಾಗ ಬಂದದ. ನಿನ್ನ ಹೆಸರು ಹಾಜರಿಯೊಳಗರ ಅದ ಏನವಾ?” ಅಂದ.

ಅಂದು ನಾನು ಮೂರೇ ರೊಟ್ಟಿ ತಿಂದೆ. ನನ್ನ ಸಂಕಟದ ಆಳವನ್ನು ಇದರಿಂದ ತಿಳಿ.

ಆ ಪುಸ್ತಕವನ್ನು ಯಾರು ಬೇಕಾದರೂ ತಿದ್ದಬಹುದೆಂದು ನೀನೇ ಕಲಿಸಿದ್ದೆ. ಕಲಿತದ್ದನ್ನು ಬಳಸಿದೆ. ಸರಾಸರಿ ಇಪ್ಪತ್ತು ಕುರಿ ಇದ್ದದ್ದನ್ನು ಮೂವತ್ತು ಮಾಡಿ, ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಉತ್ತರ ತಪ್ಪಿದಂತಿದೆ ಎಂದು ಬಹಳ ಮರುಕದಿಂದ ಹಾಕಿದೆ. ಅತಿ ದೊಡ್ಡ ಹಿಂಡಿನಲ್ಲೇ ಇಪ್ಪತ್ತಾರು ಕುರಿ. ಸರಾಸರಿ ಮೂವತ್ತು ಹೇಗಾದೀತೆಂದು ಒಬ್ಬರೂ ಕೇಳಲಿಲ್ಲ. “ಪುಕ್ಕಟೆ ಪುಸ್ತಕ ಅಂದ್ರ ಹಿಂಗೇ ಇರ್ತದ” ಅಂದ ನಮ್ಮ ಕ್ಲಾಸಿನ ಮಲ್ಲಿನಾಥ. ಅವನು ಕೊಂಡು ತಂದ ಗೈಡಿನಲ್ಲಿ ಒಂದು ಪಾಠವೇ ಇಲ್ಲ. ಅದು ಮಾತ್ರ ಅಚ್ಚಿನವರ ಕೈತಪ್ಪಂತೆ. ಎಲ್ಲರೂ ಗೈಡಿಗೆ ಮರಳಿದರು. ನನಗೆ ಹಾಯೆನಿಸಿತು, ಒಂದು ದಿನ.

ನೀನು ‘ನನ್ನದೇ ತಪ್ಪು, ತಿದ್ದಿದ್ದೇನೆ’ ಎಂದು ಬರೆದೆ. ಐದನೇ ಪಾಠದ ಅನುವಾದ ಕೈಬಿಟ್ಟೆಯೆಂದು ಕ್ಲಾಸಿನ ಉಮೆಸಲ್ಮಾ ಹೇಳಿದಳು. ನಿನ್ನೆ ಆ ಪುಟ ಮತ್ತೆ ತೆರೆದೆ. ಯಾರು, ಯಾವಾಗ, ಏನು ತಿದ್ದಿದರೆಂಬ ಪಟ್ಟಿ ಅಲ್ಲಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಹೆಸರಿತ್ತು, ಊರು ಸಮೇತ. ನೀನು ಮೊದಲ ದಿನವೇ ನೋಡಿರುವೆ. ನೋಡಿಯೂ ಪಾಠದ ಕೆಳಗೊಂದು ಸಾಲು ಸೇರಿಸಿರುವೆ: ‘ಉತ್ತರ ಪರಿಶೀಲನೆಗೆ ನೆರವಾದವರು: ಪರಿಮಳಾ, ಶಹಾಪುರ.’

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಇದಕ್ಕೆ ಏನು ಮಾಡಲಿ?

ಆ ಮೂವತ್ತು ನನ್ನದೆಂದು ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಬರೆದೆ. ಮಲ್ಲಿನಾಥ ಈಗ ನನ್ನನ್ನು ಮೂವತ್ತು ಕುರಿ ಎಂದೇ ಕರೆಯುತ್ತಿದ್ದಾನೆ. ಅನುಭವಿಸುತ್ತೇನೆ. ನೀನು ಮಾತ್ರ ನಿಲ್ಲಿಸಬೇಡ. ಪರೀಕ್ಷೆಗೆ ಇಪ್ಪತ್ತೇ ದಿನ; ಇಂಗ್ಲಿಷಿನ ಐದನೇ ಪಾಠ ನನ್ನ ತಲೆಗೆ ಹತ್ತುತ್ತಿಲ್ಲ. ನಾಲ್ಕನೆಯದು ನೀನು ಬರೆದದ್ದರಿಂದಲೇ ತಿಳಿಯಿತು. ಇದನ್ನು ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಇನ್ನೂ ಹೊಟ್ಟೆ ಉರಿಯುತ್ತಲೇ ಇರುವ
ನಿನ್ನ
ಪರಿಮಳಾ

ತಾ.ಕ.: ಆ ಸಾಲು ಅಳಿಸು ಎಂದು ಕೇಳಲೆಂದೇ ಪೆನ್ನು ಹಿಡಿದಿದ್ದೆ. ಆದರೆ ನಿನ್ನೆಯೂ ಅಪ್ಪ ನನ್ನ ಹಿಂದೆಯೇ ನಿಂತಿದ್ದ. ನನ್ನ ಹೆಸರಿರುವ ಆ ಪುಟದ ಪ್ರಿಂಟ್ ಈಗ ನಮ್ಮ ಗೋಡೆಯ ಮೇಲಿದೆ. ಅದರ ಕೆಳಗೇ ಕೂತು ಉಣ್ಣಬೇಕು. ಅಳಿಸಬೇಡ. ಐದನೇ ಪಾಠ ಕಳಿಸು, ಲೆಕ್ಕಗಳನ್ನು ಈ ಸಲ ನಿಜವಾಗಿಯೂ ನೋಡುತ್ತೇನೆ. ಹೆಸರು ಹಾಕುವಾಗ ವರ್ಣಮಾಲೆಯ ಕ್ರಮ ತಪ್ಪಿಸಬೇಡ: ಮೊದಲು ‘ಪ’, ಬಹಳ ಕೆಳಗೆ ‘ಸ’.